ಬಿ.ಎಸ್ಸಿ. ನರ್ಸಿಂಗ್: ಎಂಟು ಸೆಮಿಸ್ಟರ್‌ಗಳ ಓದು, ಪೋಸ್ಟಿಂಗ್, ಪರೀಕ್ಷೆಗೆ ಗಂಟೆ ಲೆಕ್ಕ ಹಾಕುವ ಬಗೆ

ಪಿಯುಸಿಯಲ್ಲಿ ಚೆನ್ನಾಗಿ ಓದಿ ಬಂದವರು ನರ್ಸಿಂಗ್‌ನ ಮೊದಲ ಸೆಮಿಸ್ಟರನ್ನು ಸಾಮಾನ್ಯವಾಗಿ ದಾಟಿಬಿಡುತ್ತಾರೆ. ಎಡವುವುದು ಮೂರನೆಯದರಲ್ಲಿ. ಪಾಠ ಕಷ್ಟವಾಯಿತು ಎಂದು ಎಲ್ಲರೂ ಅಂದುಕೊಳ್ಳುತ್ತಾರೆ, ಆದರೆ ಬದಲಾಗಿರುವುದು ಗಂಟೆಗಳ ಹಂಚಿಕೆ. ಭಾರತೀಯ ಶುಶ್ರೂಷಾ ಪರಿಷತ್ತು 2021ರಲ್ಲಿ ಅಧಿಸೂಚನೆ ಹೊರಡಿಸಿದ ಪಠ್ಯಕ್ರಮದಲ್ಲಿ ಥಿಯರಿಗೆ ಮೊದಲ ಸೆಮಿಸ್ಟರ್‌ನಲ್ಲಿ 400 ಗಂಟೆ, ಎರಡನೆಯದರಲ್ಲಿ 260, ಮೂರನೆಯದರಲ್ಲಿ 220. ವಾರ್ಡಿನ ಗಂಟೆಗಳು ಇದಕ್ಕೆ ತಿರುವುಮುರುವು: 160, 320, 480. ಓದುವ ಹೊತ್ತು ಇಳಿಯುತ್ತಾ ಹೋಗುತ್ತದೆ, ನಿಂತು ಕೆಲಸ ಮಾಡುವ ಹೊತ್ತು ಏರುತ್ತಾ ಹೋಗುತ್ತದೆ. ಸಂಜೆ ಆರಕ್ಕೆ ಕೂತು ಹತ್ತರವರೆಗೆ ಓದುವ ಪಿಯುಸಿ ಕಾಲದ ಅಭ್ಯಾಸ ಬೆಳಗಿನಿಂದ ವಾರ್ಡಿನಲ್ಲಿ ನಿಂತು ಬಂದ ದೇಹಕ್ಕೆ ಒಗ್ಗುವುದಿಲ್ಲ. ಹಾಗಾಗಿ ಮೊದಲು ಮಾಡಬೇಕಾದದ್ದು ಗಂಟೆಗಳ ಯೋಜನೆ, ಪಾಠಗಳದ್ದು ಆಮೇಲೆ.

ಕ್ರೆಡಿಟ್ ಅಂದರೆ ಎಷ್ಟು ಹೊತ್ತು

ಒಂದು ಸೆಮಿಸ್ಟರ್ ಅಂದರೆ ಬೋಧನೆಯ 20 ವಾರ, ವಾರಕ್ಕೆ 40 ಗಂಟೆ. ಥಿಯರಿಯ ಒಂದು ಕ್ರೆಡಿಟ್ ವಾರಕ್ಕೆ 1 ಗಂಟೆ, ಅಂದರೆ ಸೆಮಿಸ್ಟರ್‌ಗೆ 20 ಗಂಟೆ. ಲ್ಯಾಬ್‌ನ ಒಂದು ಕ್ರೆಡಿಟ್ 40 ಗಂಟೆ. ಕ್ಲಿನಿಕಲ್‌ನದು 80 ಗಂಟೆ. ಅಂಕಪಟ್ಟಿಯಲ್ಲಿ ಎಲ್ಲವೂ ಒಂದೇ ತರಹ ಕಂಡರೂ ವಾರ್ಡಿನ ಒಂದು ಕ್ರೆಡಿಟ್ ಥಿಯರಿಯ ನಾಲ್ಕರಷ್ಟು ಹೊತ್ತು ತೆಗೆದುಕೊಳ್ಳುತ್ತದೆ.

ಕಾಲೇಜಿನ ಮಾಸ್ಟರ್ ರೊಟೇಶನ್ ಪ್ಲಾನ್, ಅಂದರೆ ಯಾವ ವಾರ ಯಾರಿಗೆ ಯಾವ ವಾರ್ಡು ಎಂಬ ಪಟ್ಟಿ, ನೋಟಿಸ್ ಬೋರ್ಡಿಗೆ ಬಂದ ದಿನವೇ ಅದರ ಫೋಟೊ ತೆಗೆದುಕೊಳ್ಳಿ. ಒಂದು ಉದ್ದನೆಯ ನೋಟ್‌ಬುಕ್ಕಿನಲ್ಲಿ 20 ಗೆರೆ ಎಳೆದು, ಒಂದೊಂದು ವಾರಕ್ಕೂ ಐದು ಅಂಕಣ ಮಾಡಿ: ಯಾವ ವಾರ್ಡು, ಯಾವ ಶಿಫ್ಟು, ಕೊಡಬೇಕಾದ ಬರಹ, ಲಾಗ್ ಬುಕ್ಕಿನಲ್ಲಿ (ಮಾಡಿದ ಕೆಲಸಗಳ ದಾಖಲೆ ಪುಸ್ತಕ) ಸೈನ್ ಆಗಬೇಕಾದ ಪ್ರೊಸೀಜರ್, ತಪ್ಪಿಹೋದ ಗಂಟೆ. ಕೊನೆಯ ಅಂಕಣವನ್ನು ಯಾರೂ ಬರೆದಿಟ್ಟುಕೊಳ್ಳುವುದಿಲ್ಲ. ಆದರೆ ಎಂಟನೇ ಸೆಮಿಸ್ಟರ್ ಮುಗಿಯುವ ಹೊತ್ತಿಗೆ ಕಣ್ಣೀರು ತರಿಸುವುದು ಅದೇ.

ಕಾರಣ ಇದು. ಪರೀಕ್ಷೆಗೆ ಕೂರಲು ಥಿಯರಿ, ಪ್ರಾಕ್ಟಿಕಲ್ ಎರಡರಲ್ಲೂ 80 ಪ್ರತಿಶತ ಹಾಜರಿ ಸಾಕು. ಪದವಿ ಕೈಗೆ ಬರಬೇಕಾದರೆ ಪ್ರತಿಯೊಂದು ಪ್ರಾಕ್ಟಿಕಲ್ ವಿಭಾಗದಲ್ಲೂ 100 ಪ್ರತಿಶತ ಆಗಿರಬೇಕು. ಮೂರನೇ ಸೆಮಿಸ್ಟರ್‌ನ 480 ಗಂಟೆಯಲ್ಲಿ 80 ಪ್ರತಿಶತ ಎಂದರೆ 384. ಉಳಿದ 96 ಗಂಟೆ ತಪ್ಪಿಸಿದರೂ ಪರೀಕ್ಷೆ ಬರೆಯಬಹುದು ನಿಜ, ಆದರೆ ದಿನಕ್ಕೆ 6 ಗಂಟೆಯ ಡ್ಯೂಟಿ ಲೆಕ್ಕದಲ್ಲಿ ಅದು 16 ದಿನ. ಆ 16 ದಿನವನ್ನು ಮುಂದೆ ರಜೆಯಲ್ಲಿ, ಅದೇ ವಿಭಾಗದಲ್ಲಿ ತುಂಬಿಕೊಡಬೇಕು. ಮೆಡಿಕಲ್ ವಾರ್ಡಿನಲ್ಲಿ ತಪ್ಪಿದ್ದನ್ನು ಸರ್ಜಿಕಲ್ ವಾರ್ಡಿನಲ್ಲಿ ಮಾಡಿದರೆ ಲೆಕ್ಕಕ್ಕೆ ಬರುವುದಿಲ್ಲ. ಆದ್ದರಿಂದ ತಪ್ಪಿದ ಗಂಟೆಯ ಮುಂದೆ ವಾರ್ಡಿನ ಹೆಸರೂ ಇರಲಿ, ತುಂಬಿಕೊಟ್ಟ ದಿನ ಇನ್‌ಚಾರ್ಜ್ ಸಿಸ್ಟರ್ ಸೈನೂ ಇರಲಿ.

ಮೈಸೂರಿನಲ್ಲಿ ಓದುವವರು ದಸರಾವನ್ನೂ ಈ ಪುಸ್ತಕದಲ್ಲಿ ಮೊದಲೇ ಗುರುತು ಹಾಕಬೇಕು. ಜಂಬೂಸವಾರಿಯ ದಿನ ಸಯ್ಯಾಜಿರಾವ್ ರಸ್ತೆ ವಾಹನಗಳಿಗೆ ಬಂದ್, ಕೆ.ಆರ್. ಆಸ್ಪತ್ರೆ ಇರುವುದು ಅದರ ಪಕ್ಕದಲ್ಲೇ. ಆ ವಾರ ಅಲ್ಲಿ ಡ್ಯೂಟಿ ಬಿದ್ದರೆ ಹೋಗುವ ದಾರಿ, ಹೊತ್ತು ಎರಡನ್ನೂ ಮೊದಲೇ ಗೊತ್ತುಮಾಡಿಕೊಳ್ಳಿ. ಊರಿಗೆ ಹೋಗಿ ಹಬ್ಬ ಮುಗಿಸಿ ಎರಡು ದಿನ ತಡವಾಗಿ ಬರುವುದೇ ಬಹಳ ಜನರ ಮೊದಲ ಗೈರುಹಾಜರಿ. ಮಂಡ್ಯದಿಂದ ದಿನಾ ಓಡಾಡುವವರಿಗೆ ಒಂದು ಕಡೆಗೆ ಸುಮಾರು 45 ಕಿಲೋಮೀಟರ್. ಥಿಯರಿ ಹೆಚ್ಚಿರುವ ಮೊದಲ ಸೆಮಿಸ್ಟರ್‌ನಲ್ಲಿ ಅದು ನಡೆಯುತ್ತದೆ. ಶಕ್ತಿ ಯೋಜನೆಯಿಂದ ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸಿನ ಖರ್ಚೂ ಇಲ್ಲ. ಆದರೆ ಬೆಳಗಿನ ಶಿಫ್ಟು ಶುರುವಾದ ಮೇಲೆ ಹ್ಯಾಂಡ್‌ಓವರ್‌ಗೆ (ಹಿಂದಿನ ಪಾಳಿಯವರು ರೋಗಿಗಳ ವಿವರ ಒಪ್ಪಿಸುವುದಕ್ಕೆ) ಮುಂಚೆಯೇ ವಾರ್ಡಿನಲ್ಲಿರಬೇಕು, ಮಧ್ಯಾಹ್ನದ ಶಿಫ್ಟು ಮುಗಿಯುವಾಗ ರಾತ್ರಿಯಾಗಿರುತ್ತದೆ. ಮೂರನೇ ಸೆಮಿಸ್ಟರ್‌ಗೆ ಮುಂಚೆ ಹಾಸ್ಟೆಲ್ ಅಥವಾ ಆಸ್ಪತ್ರೆಗೆ ಹತ್ತಿರದ ಪಿ.ಜಿ. ನೋಡಿಕೊಳ್ಳುವುದು ಒಳ್ಳೆಯದು.

ಎರಡು ಸೆಮಿಸ್ಟರ್‌ಗೆ ಒಂದೇ ಪರೀಕ್ಷೆ ಇರುವ ವಿಷಯಗಳು

ಈ ಪಠ್ಯಕ್ರಮದಲ್ಲಿ ಜನ ಹೆಚ್ಚು ಮೋಸ ಹೋಗುವ ಜಾಗ ಇದು. ನರ್ಸಿಂಗ್ ಫೌಂಡೇಶನ್ ಒಂದನೇ ಭಾಗ ಮೊದಲ ಸೆಮಿಸ್ಟರ್‌ನಲ್ಲಿದೆ, ಆದರೆ ಅದರ ವಿಶ್ವವಿದ್ಯಾಲಯದ ಪರೀಕ್ಷೆ ಎರಡನೇ ಸೆಮಿಸ್ಟರ್‌ನ ಕೊನೆಗೆ, ಎರಡೂ ಭಾಗ ಸೇರಿ. ಫಾರ್ಮಕಾಲಜಿ, ಪೆಥಾಲಜಿ ಮೂರರಲ್ಲಿ ಶುರುವಾಗಿ ಪರೀಕ್ಷೆ ನಾಲ್ಕರಲ್ಲಿ. ಮಕ್ಕಳ ಆರೋಗ್ಯ, ಮಾನಸಿಕ ಆರೋಗ್ಯ ಐದರಲ್ಲಿ ಶುರು, ಪರೀಕ್ಷೆ ಆರರಲ್ಲಿ. ಮಿಡ್‌ವೈಫರಿ, ಅಂದರೆ ಹೆರಿಗೆ ಶುಶ್ರೂಷೆ, ಆರರಲ್ಲಿ ಶುರು, ಪರೀಕ್ಷೆ ಏಳರಲ್ಲಿ. ಇಂಟರ್ನಲ್, ಅಂದರೆ ಕಾಲೇಜೇ ಕೊಡುವ ಅಂಕ, ಎರಡೂ ಭಾಗಕ್ಕೆ ತಲಾ 25ಕ್ಕೆ ಇದ್ದು, ಅವೆರಡರ ಸರಾಸರಿ ತೆಗೆಯುತ್ತಾರೆ. ಪರೀಕ್ಷೆ ಇಲ್ಲದ ಸೆಮಿಸ್ಟರ್‌ನಲ್ಲಿ ಆ ವಿಷಯವನ್ನು ಬದಿಗಿಟ್ಟರೆ ಇಂಟರ್ನಲ್‌ನ ಅರ್ಧದ ಬುಡ ಆಗಲೇ ಸಡಿಲವಾಗಿರುತ್ತದೆ.

ಫಾರ್ಮಕಾಲಜಿ ಇದಕ್ಕೆ ಸರಿಯಾದ ಉದಾಹರಣೆ. ಮೂರನೇ ಸೆಮಿಸ್ಟರ್‌ನಲ್ಲಿ ಅದಕ್ಕೆ ಬರೀ 20 ಗಂಟೆ, ವಾರಕ್ಕೊಂದು ಕ್ಲಾಸು. ನಾಲ್ಕರಲ್ಲಿ ಒಮ್ಮೆಗೇ 60 ಗಂಟೆ. ಆ ಇಪ್ಪತ್ತು ಗಂಟೆಯಲ್ಲಿ ಬಿಟ್ಟದ್ದನ್ನು ನಾಲ್ಕರಲ್ಲಿ ಹಿಡಿಯಲು ಹೋಗುವುದು ನಾಲೆಗೆ ನೀರು ಬಿಟ್ಟ ಮೇಲೆ ಬದು ಕಟ್ಟಲು ಹೋದಂತೆ. ಡ್ರಗ್ ಬುಕ್ಕನ್ನು ಮೂರನೇ ಸೆಮಿಸ್ಟರ್‌ನ ಮೊದಲ ಪೋಸ್ಟಿಂಗ್‌ನಲ್ಲೇ ಶುರುಮಾಡಿ: ದಿನಕ್ಕೆ ಎರಡೇ ಔಷಧಿ, ನಿಮ್ಮ ರೋಗಿಯ ಚಾರ್ಟಿನಲ್ಲಿ ಇರುವಂಥವು. ಗುಂಪು, ಕೆಲಸ ಮಾಡುವ ಬಗೆ, ಡೋಸು, ಅಡ್ಡ ಪರಿಣಾಮ, ನರ್ಸ್ ಗಮನಿಸಬೇಕಾದದ್ದು. ಪುಸ್ತಕದಿಂದ ಅಕಾರಾದಿಯಾಗಿ ನಕಲು ಮಾಡಿದ ಡ್ರಗ್ ಬುಕ್ ಯಾವ ವೈವಾದಲ್ಲೂ ಕೈಹಿಡಿಯುವುದಿಲ್ಲ.

ಡೋಸಿನ ಲೆಕ್ಕಕ್ಕೂ ದಿನಾ ಹತ್ತು ನಿಮಿಷ ಕೊಡಿ. ಬೇಕಾದ ಪ್ರಮಾಣವನ್ನು ಕೈಯಲ್ಲಿರುವ ಪ್ರಮಾಣದಿಂದ ಭಾಗಿಸಿ, ಅದು ಕರಗಿರುವ ದ್ರವದ ಅಳತೆಯಿಂದ ಗುಣಿಸುವುದು. 1 ಗ್ರಾಂ ವಯಲನ್ನು ಒಟ್ಟು 10 ಮಿ.ಲೀ. ಆಗುವಂತೆ ಕರಗಿಸಿದ್ದು, ಆರ್ಡರ್ 250 ಮಿ.ಗ್ರಾಂ. ಇದ್ದರೆ 2.5 ಮಿ.ಲೀ. ಇಲ್ಲಿ ಆಗುವ ತಪ್ಪು ಒಂದೇ, ಗ್ರಾಂ ಅನ್ನು ಮಿಲಿಗ್ರಾಂಗೆ ಬದಲಿಸುವುದನ್ನು ಮರೆಯುವುದು. ಡ್ರಿಪ್ ಲೆಕ್ಕದಲ್ಲಿ 500 ಮಿ.ಲೀ. ಅನ್ನು 4 ಗಂಟೆಯಲ್ಲಿ, ಮಿ.ಲೀ.ಗೆ 15 ಹನಿಯ ಸೆಟ್ಟಿನಲ್ಲಿ ಕೊಡಬೇಕೆಂದರೆ 500ನ್ನು 15ರಿಂದ ಗುಣಿಸಿ 240 ನಿಮಿಷದಿಂದ ಭಾಗಿಸಿ: 31.25, ಅಂದರೆ ನಿಮಿಷಕ್ಕೆ 31 ಹನಿ. ಸೆಟ್ಟಿನ ಕವರಿನ ಮೇಲೆ ಮಿ.ಲೀ.ಗೆ ಎಷ್ಟು ಹನಿ ಎಂದು ಅಚ್ಚಾಗಿರುತ್ತದೆ. ಅದನ್ನು ನೋಡದೆ 15 ಎಂದು ಹಿಡಿದುಕೊಂಡರೆ 20 ಹನಿಯ ಸೆಟ್ಟಿನಲ್ಲಿ ಲೆಕ್ಕ ಪೂರ್ತಿ ತಪ್ಪುತ್ತದೆ.

ಇನ್ನು ಒಂದೇ ಪ್ರಶ್ನೆಪತ್ರಿಕೆಯಲ್ಲಿ ಎರಡು ವಿಷಯ ಕೂಡಿರುವವು. ಅನಾಟಮಿ ಮತ್ತು ಫಿಸಿಯಾಲಜಿ 75 ಅಂಕದ ಒಂದೇ ಪತ್ರಿಕೆ, ಹೆಚ್ಚುಕಡಿಮೆ ಅರ್ಧರ್ಧ. ಸೋಶಿಯಾಲಜಿ, ಸೈಕಾಲಜಿ ಕೂಡ ಹಾಗೆಯೇ. ಬಯೋಕೆಮಿಸ್ಟ್ರಿಯ ಜೊತೆ ಪೌಷ್ಟಿಕತೆ ಇದ್ದು, ಬಯೋಕೆಮಿಸ್ಟ್ರಿಗೆ 25, ಪೌಷ್ಟಿಕತೆಗೆ 50. ಬಯೋಕೆಮಿಸ್ಟ್ರಿ ಕಷ್ಟ ಅಂತ ಮುಕ್ಕಾಲು ಹೊತ್ತನ್ನು ಅದಕ್ಕೇ ಸುರಿದು, ಎರಡರಷ್ಟು ಅಂಕದ ಪೌಷ್ಟಿಕತೆಯನ್ನು ಕೊನೆಯ ರಾತ್ರಿಗೆ ಬಿಡಬೇಡಿ. ಅನಾಟಮಿ, ಫಿಸಿಯಾಲಜಿಗಳನ್ನು ಒಂದೇ ವಾರದಲ್ಲಿ ಒಂದೇ ಅಂಗವ್ಯೂಹಕ್ಕೆ ಹೊಂದಿಸಿ ಓದಬೇಕು: ಹೃದಯದ ರಚನೆ ಸೋಮವಾರ, ಹೃದಯದ ಕೆಲಸ ಬುಧವಾರ. ಕ್ಲಾಸಿನಲ್ಲಿ ಇಬ್ಬರು ಮೇಷ್ಟ್ರು ಬೇರೆ ಬೇರೆ ವೇಗದಲ್ಲಿ ಹೋಗುತ್ತಿದ್ದರೆ ಹಿಂದುಳಿದ ವಿಷಯವನ್ನು ನೀವೇ ಓದಿಕೊಂಡು ಜೋಡಿಸಿ.

ಇಂಟರ್ನಲ್ ಅಂಕ ಎಲ್ಲಿಂದ ಬರುತ್ತದೆ

ಥಿಯರಿಯ 25 ಇಂಟರ್ನಲ್‌ನಲ್ಲಿ 15 ಎರಡು ಸೆಷನಲ್ ಪರೀಕ್ಷೆಗಳದ್ದು: 30ರ ಎರಡು ಪರೀಕ್ಷೆ, ಒಟ್ಟು 60ನ್ನು ನಾಲ್ಕರಿಂದ ಭಾಗಿಸುತ್ತಾರೆ. ಉಳಿದ 10 ಸೆಮಿಸ್ಟರ್ ಪೂರ್ತಿ ಮಾಡುವ ಕೆಲಸದ್ದು. ಎರಡು ಲಿಖಿತ ಅಸೈನ್‌ಮೆಂಟಿಗೆ 10, ಸೆಮಿನಾರು ಅಥವಾ ಪ್ರೆಸೆಂಟೇಶನ್‌ಗೆ 12, ಗುಂಪು ಕೆಲಸಕ್ಕೆ 6, ಹಾಜರಿಗೆ 2, ಈ ಮೂವತ್ತನ್ನು ಮೂರರಿಂದ ಭಾಗಿಸಿ ಹತ್ತಕ್ಕೆ ಇಳಿಸುತ್ತಾರೆ. ಹಾಜರಿಯ ಎರಡಂಕ ಪೂರ್ತಿ ಸಿಗುವುದು 95 ಪ್ರತಿಶತ ಅಥವಾ ಅದರ ಮೇಲಿದ್ದರೆ ಮಾತ್ರ. ಒಂದು ಸೆಮಿನಾರು ತಪ್ಪಿಸುವುದು ಒಂದು ಅಸೈನ್‌ಮೆಂಟ್ ತಪ್ಪಿಸುವುದಕ್ಕಿಂತ ದುಬಾರಿ. ಆದ್ದರಿಂದ ನಿಮ್ಮ ಸೆಮಿನಾರಿನ ತಾರೀಖು ಓ.ಟಿ. (ಆಪರೇಷನ್ ಥಿಯೇಟರ್) ಪೋಸ್ಟಿಂಗ್ ವಾರಕ್ಕೆ ಬಿದ್ದಿದ್ದರೆ ಮೊದಲ ವಾರದಲ್ಲೇ ಬದಲಿಸಿಕೊಡಿ ಎಂದು ಕೇಳಿ. ಹಿಂದಿನ ದಿನ ಕೇಳಿದರೆ ಬದಲಿಸುವವರು ಸಿಗುವುದಿಲ್ಲ.

ಪಾಸಾಗಲು ಥಿಯರಿ, ಪ್ರಾಕ್ಟಿಕಲ್ ಎರಡರಲ್ಲೂ ಪ್ರತ್ಯೇಕವಾಗಿ 50 ಪ್ರತಿಶತ ಬೇಕು. ಇಂಗ್ಲಿಷಿಗೂ ಐಚ್ಛಿಕ ವಿಷಯಗಳಿಗೂ 40 ಸಾಕು. ಬಾಕಿ ವಿಷಯ ಉಳಿಸಿಕೊಂಡು ಮುಂದಿನ ಸೆಮಿಸ್ಟರ್ ಕ್ಲಾಸಿಗೆ ಹೋಗಬಹುದು, ಆದರೆ ಐದನೇ ಮತ್ತು ಏಳನೇ ಸೆಮಿಸ್ಟರ್ ಪರೀಕ್ಷೆಗೆ ಕೂರುವ ಮುನ್ನ ಹಿಂದಿನವೆಲ್ಲ ಪಾಸಾಗಿರಬೇಕು. ಪದವಿ ಮುಗಿಸಲು ಗರಿಷ್ಠ 8 ವರ್ಷ. ಅನಾಟಮಿ ಬಾಕಿ ಇರುವವರು ಅದನ್ನು ಎರಡನೇ ಸೆಮಿಸ್ಟರ್ ಜೊತೆಗೇ ಕಟ್ಟಿ ಮುಗಿಸಲಿ. 480 ಗಂಟೆಯ ಮೂರು, ನಾಲ್ಕನೇ ಸೆಮಿಸ್ಟರ್‌ಗಳಲ್ಲಿ ಹಳೆಯ ವಿಷಯಕ್ಕೆ ಹೊತ್ತು ಸಿಗುವುದಿಲ್ಲ.

ಕೇರ್ ಪ್ಲಾನ್ ಮೊದಲ ದಿನವೇ ಶುರುವಾಗಬೇಕು

ವಾರ್ಡಿನ ಬರಹಗಳಲ್ಲಿ ಹೆಚ್ಚು ಹೊತ್ತು ತಿನ್ನುವುದು ಕೇರ್ ಪ್ಲಾನ್, ಅಂದರೆ ಒಬ್ಬ ರೋಗಿಯ ಆರೈಕೆಯ ಲಿಖಿತ ಯೋಜನೆ. ಸರ್ಜಿಕಲ್ ವಾರ್ಡಿನಲ್ಲಿ ರೋಗಿ ಮೂರು ನಾಲ್ಕು ದಿನಕ್ಕೆ ಮನೆಗೆ ಹೋಗಿಬಿಡಬಹುದು. ಎರಡನೇ ವಾರದಲ್ಲಿ ರೋಗಿಯನ್ನು ಹುಡುಕುವವರಿಗೆ ಕೊನೆಗೆ ಉಳಿಯುವುದು ಅರ್ಧ ಹಿಸ್ಟರಿ, ಇಲ್ಲದ ಮೌಲ್ಯಮಾಪನ. ಹೀಗೆ ಮಾಡಿ: ಪೋಸ್ಟಿಂಗ್‌ನ ಮೊದಲ ದಿನ ಹ್ಯಾಂಡ್‌ಓವರ್ ಕೇಳಿದ ಮೇಲೆ ಇನ್ನೂ ಕೆಲವು ದಿನ ಇರುವ ಇಬ್ಬರು ರೋಗಿಗಳನ್ನು ಗುರುತಿಸಿ, ಒಬ್ಬರು ಮುಖ್ಯ, ಒಬ್ಬರು ಮೀಸಲು. ಅದೇ ದಿನ ಹಿಸ್ಟರಿ, ತಲೆಯಿಂದ ಕಾಲಿನವರೆಗಿನ ತಪಾಸಣೆ. ಎರಡನೇ ದಿನ ಲ್ಯಾಬ್ ರಿಪೋರ್ಟು, ಔಷಧಿ ಪಟ್ಟಿ, ನರ್ಸಿಂಗ್ ಡಯಾಗ್ನೋಸಿಸ್. ಮೂರರಿಂದ ಐದನೇ ದಿನ ನೀವು ಕೊಟ್ಟ ಆರೈಕೆ ಮತ್ತು ಅದರ ಫಲ, ಅವತ್ತವತ್ತೇ. ಐದನೇ ದಿನ ಕರಡನ್ನು ಟ್ಯೂಟರ್‌ಗೆ ತೋರಿಸಿ. ಪೂರ್ತಿ ಅಚ್ಚುಕಟ್ಟಾಗಿ ಬರೆದ ಮೇಲೆ ತೋರಿಸಿದರೆ ತಿದ್ದುವುದೆಂದರೆ ಮತ್ತೆ ಬರೆಯುವುದೇ.

ಎಲ್ಲರೂ ಮಾಡುವ ತಪ್ಪು, ಡಾಕ್ಟರ ಡಯಾಗ್ನೋಸಿಸ್ ಅನ್ನೇ ನರ್ಸಿಂಗ್ ಡಯಾಗ್ನೋಸಿಸ್ ಜಾಗದಲ್ಲಿ ಬರೆಯುವುದು. ನ್ಯುಮೋನಿಯಾ ಎಂಬುದು ರೋಗ. ಕಫ ಗಟ್ಟಿಯಾಗಿ ಕೆಮ್ಮಿ ಹೊರಹಾಕಲಾಗದೆ ಶ್ವಾಸನಾಳ ತೆರವಾಗದಿರುವುದು ನರ್ಸ್ ಏನಾದರೂ ಮಾಡಬಹುದಾದ ತೊಂದರೆ. ಗುರಿಯನ್ನು ಬರೆಯುವಾಗ ಅಳತೆ ಇರಲಿ: "ಉಸಿರಾಟ ಸುಧಾರಿಸುವುದು" ಎಂದರೆ ಅಳೆಯಲಾಗುವುದಿಲ್ಲ, "24 ಗಂಟೆಯೊಳಗೆ ಉಸಿರಾಟದ ದರ ನಿಮಿಷಕ್ಕೆ 20ಕ್ಕೆ ಇಳಿಯುವುದು" ಎಂದರೆ ಮಾರನೆಯ ದಿನ ಎಣಿಸಿ ನೋಡಬಹುದು.

ಬರೆಯುವುದು ಇಂಗ್ಲಿಷಿನಲ್ಲಿ, ಕೇಳುವುದು ಕನ್ನಡದಲ್ಲಿ. ಕನ್ನಡ ಮಾಧ್ಯಮದಿಂದ ಬಂದವರು ಇದನ್ನು ಕೊರತೆ ಎಂದುಕೊಳ್ಳುತ್ತಾರೆ. ಹಿಸ್ಟರಿ ತೆಗೆಯುವಾಗ ಅವರಿಗೇ ಅನುಕೂಲ. ಸಕ್ಕರೆ ಕಾಯಿಲೆ, ಉಬ್ಬಸ, ಎದೆ ಉರಿ, ಕೈಕಾಲು ಜೋಮು, ಹೊಟ್ಟೆ ಉಬ್ಬರ, ಬಿಳಿ ಸೆರಗು, ಭೇದಿ, ತಲೆಸುತ್ತು, ಇವುಗಳ ಪಕ್ಕದಲ್ಲಿ ಇಂಗ್ಲಿಷ್ ಪದ ಬರೆದು ಜೇಬಿನ ಡೈರಿಯಲ್ಲಿ ಇಟ್ಟುಕೊಳ್ಳಿ. "ಸಂಕಟ" ಎಂದು ರೋಗಿ ಹೇಳಿದರೆ ಎದೆಯದೋ, ಹೊಟ್ಟೆ ತೊಳಸುವುದೋ, ಮನಸ್ಸಿನದೋ ಎಂದು ಕೇಳಿಯೇ ಬರೆಯಬೇಕು. ಕೇಳದೆ ಬರೆದದ್ದರಿಂದ ಹೃದಯದ ನೋವು ಗ್ಯಾಸ್ಟ್ರಿಕ್ ಆಗಿ ದಾಖಲಾಗುವ ಅಪಾಯವಿದೆ.

ಯಾವ ಆಸ್ಪತ್ರೆ ಸಿಗುತ್ತದೆ ಎಂಬುದು ಕಾಲೇಜಿನ ಒಪ್ಪಂದದ ಮೇಲೆ ನಿಂತಿದೆ. ಕೆ.ಆರ್. ಆಸ್ಪತ್ರೆ, ಮಂಡ್ಯದ ಮಿಮ್ಸ್ ಥರದ ದೊಡ್ಡ ಸರ್ಕಾರಿ ಆಸ್ಪತ್ರೆಯಲ್ಲಿ ರೋಗಿಗಳು ಹೆಚ್ಚು, ಪ್ರೊಸೀಜರ್ ಬೇಗ ಮುಗಿಯುತ್ತವೆ. ಆದರೆ ಸೈನ್ ಹಾಕುವ ಸಿಸ್ಟರ್‌ಗೆ ಪುರುಸೊತ್ತು ಕಡಿಮೆ, ಅವತ್ತಿನದನ್ನು ಅವತ್ತೇ ಹಾಕಿಸಿ. ಸಣ್ಣ ಖಾಸಗಿ ಆಸ್ಪತ್ರೆಯಲ್ಲಿ ಪರಿಸ್ಥಿತಿ ತಿರುಗುಮುರುಗು. ಪಿ.ಕೆ.ಟಿ.ಬಿ. ಆಸ್ಪತ್ರೆಯಂಥ ಎದೆರೋಗದ ವಾರ್ಡಿಗೆ ಹೋಗುವ ಮುಂಚೆ ಎನ್‌-95 ಮಾಸ್ಕನ್ನು ಸರಿಯಾಗಿ ಕೂರಿಸಿಕೊಳ್ಳುವುದನ್ನು ಲ್ಯಾಬಿನಲ್ಲೇ ಕಲಿತಿರಿ. ಹೆಪಟೈಟಿಸ್-ಬಿ ಲಸಿಕೆಗೆ 0, 1, 6 ತಿಂಗಳ ಮೂರು ಡೋಸು. ಕಾಲೇಜಿಗೆ ಸೇರಿದ ವಾರವೇ ಮೊದಲನೆಯದು ಹಾಕಿಸಿದರೂ ಮೂರನೆಯದು ಮುಗಿಯುವ ಹೊತ್ತಿಗೆ ಎರಡನೇ ಸೆಮಿಸ್ಟರ್. ಸೂಜಿ ಚುಚ್ಚಿಕೊಳ್ಳುವ ಪ್ರಸಂಗ ನಿಮ್ಮ ಲಸಿಕೆ ಮುಗಿಯಲಿ ಅಂತ ಕಾಯುವುದಿಲ್ಲ.

ಐದರಿಂದ ಏಳು: ಹಳ್ಳಿ, ಹೆರಿಗೆ, ಸಂಶೋಧನೆ

ಐದನೇ ಸೆಮಿಸ್ಟರ್‌ನಲ್ಲಿ ವಿಷಯಗಳು ಬಹಳ, ಪೋಸ್ಟಿಂಗ್ ಚೂರುಚೂರು: ಮಕ್ಕಳಿಗೆ 160 ಗಂಟೆ, ಮಾನಸಿಕ ಆರೋಗ್ಯಕ್ಕೆ 80, ಸಮುದಾಯಕ್ಕೆ 160. ಫೊರೆನ್ಸಿಕ್ ನರ್ಸಿಂಗ್ 20 ಗಂಟೆಯ ಸಣ್ಣ ವಿಷಯ, ಕ್ಲಾಸಿನ ಟಿಪ್ಪಣಿಯನ್ನು ಆಗಾಗ ತಿರುವಿಹಾಕಿದರೆ ನಡೆಯುತ್ತದೆ.

ಸಮುದಾಯ ಪೋಸ್ಟಿಂಗ್ ಮಂಡ್ಯ ಜಿಲ್ಲೆಯ ಹಳ್ಳಿಗಳಲ್ಲಾದರೆ ಬೇಸಾಯದ ಕ್ಯಾಲೆಂಡರ್ ನೋಡಿಯೇ ಮನೆ ಭೇಟಿ ಇಟ್ಟುಕೊಳ್ಳಬೇಕು. ನಾಟಿಯ ಕಾಲದಲ್ಲಿ, ಕಬ್ಬು ಕಡಿಯುವಾಗ ಬೆಳಿಗ್ಗೆ ಹತ್ತಕ್ಕೆ ಹೋದರೆ ಮನೆಯಲ್ಲಿ ಅಜ್ಜಿ ಬಿಟ್ಟರೆ ಯಾರೂ ಇರುವುದಿಲ್ಲ. ಡೇರಿಗೆ ಹಾಲು ಹಾಕುವ ಹೊತ್ತಿಗೆ, ಬೆಳಿಗ್ಗೆ ಬೇಗ ಅಥವಾ ಸಂಜೆ, ಊರಲ್ಲಿ ಜನ ಸಿಗುತ್ತಾರೆ. ಸಮಯ ಬದಲಿಸಲು ಟ್ಯೂಟರ್ ಒಪ್ಪಿಗೆ ಪಡೆದು, ಆಶಾ ಕಾರ್ಯಕರ್ತೆಗೆ ಹಿಂದಿನ ದಿನವೇ ತಿಳಿಸಿ. ಪ್ರಾಥಮಿಕ ಆರೋಗ್ಯ ಕೇಂದ್ರದ ಲಸಿಕೆ ದಿನ ಸಾಮಾನ್ಯವಾಗಿ ಗುರುವಾರ, ಗರ್ಭಿಣಿಯರ ವಿಶೇಷ ತಪಾಸಣೆ ಪ್ರತಿ ತಿಂಗಳ 9ರಂದು. ಆ ದಿನಗಳಲ್ಲಿ ಮನೆ ಭೇಟಿ ಬಿಟ್ಟು ಕೇಂದ್ರದಲ್ಲೇ ಇದ್ದರೆ ತಾಯಿ ಕಾರ್ಡ್ ತುಂಬುವುದು, ಶೀತಲ ಸರಪಳಿ (ಲಸಿಕೆಯನ್ನು ತಂಪಾಗಿ ಕಾಯ್ದಿಡುವ ವ್ಯವಸ್ಥೆ), ಹೊಟ್ಟೆ ತಪಾಸಣೆ ಎಲ್ಲವೂ ಒಂದೇ ದಿನ ನೋಡಲು ಸಿಗುತ್ತವೆ. ಫ್ಯಾಮಿಲಿ ಫೋಲ್ಡರಿಗೆ (ಒಂದು ಕುಟುಂಬದ ಆರೋಗ್ಯದ ದಾಖಲೆ) ಗರ್ಭಿಣಿ, ಐದು ವರ್ಷದೊಳಗಿನ ಮಗು, ಬಿ.ಪಿ. ಅಥವಾ ಸಕ್ಕರೆ ಕಾಯಿಲೆ ಇರುವ ಹಿರಿಯರು, ಇಷ್ಟೂ ಇರುವ ಮನೆ ಆರಿಸಿದರೆ ಒಂದೇ ಕುಟುಂಬದಲ್ಲಿ ಬರೆಯಲು ಬೇಕಾದಷ್ಟು ಸಿಗುತ್ತದೆ.

ಮಿಡ್‌ವೈಫರಿಗೆ ಆರರಲ್ಲಿ 240, ಏಳರಲ್ಲಿ 320 ಕ್ಲಿನಿಕಲ್ ಗಂಟೆ. ಲಾಗ್ ಬುಕ್ಕಿಗೆ ನೀವೇ ಮಾಡಿಸಿದ 10 ಸಹಜ ಹೆರಿಗೆ ಬೇಕು. ನೋಡಿದ್ದಲ್ಲ, ಸಹಾಯ ಮಾಡಿದ್ದೂ ಅಲ್ಲ. ಒಂದು ಲೇಬರ್ ವಾರ್ಡಿನಲ್ಲಿ ಮೆಡಿಕಲ್ ವಿದ್ಯಾರ್ಥಿಗಳು, ಇಂಟರ್ನಿಗಳು, ಬೇರೆ ಕಾಲೇಜಿನವರು ಎಲ್ಲ ಸೇರಿದರೆ ಸರದಿ ಬರುವುದೇ ನಿಧಾನ. ಹೆರಿಗೆಗೆ ಹಗಲು ರಾತ್ರಿ ಇಲ್ಲ. ರಾತ್ರಿ ಪಾಳಿಯಲ್ಲಿ ವಿದ್ಯಾರ್ಥಿಗಳ ಗುಂಪು ಸಣ್ಣದು, ಅದನ್ನು ಕೇಳಿ ಪಡೆಯಿರಿ. ಮೊದಲ ಹಂತದಿಂದ ಪಾರ್ಟೋಗ್ರಾಫ್ (ಹೆರಿಗೆ ಮುಂದುವರಿಯುವುದನ್ನು ಗುರುತಿಸುವ ನಕ್ಷೆ) ಹಾಕುತ್ತಾ ಒಬ್ಬ ತಾಯಿಯ ಪಕ್ಕದಲ್ಲೇ ಇದ್ದವರಿಗೆ ಆ ಹೆರಿಗೆ ಕೊಡಲು ಸಿಸ್ಟರ್‌ಗಳು ಒಪ್ಪುತ್ತಾರೆ. ಕೊನೆಯ ಗಳಿಗೆಯಲ್ಲಿ ಗ್ಲೌಸ್ ಹಾಕಿಕೊಂಡು ಓಡಿಬಂದವರಿಗೆ ಕೊಡುವುದು ಕಷ್ಟ, ಕೊಡದಿರುವುದೇ ಆ ತಾಯಿಯ ಕ್ಷೇಮಕ್ಕೆ ಸರಿ. ಆರನೇ ಸೆಮಿಸ್ಟರ್ ಮುಗಿಯುವಾಗ ನಾಲ್ಕು ಹೆರಿಗೆಗಳಾದರೂ ಆಗಿರಲಿ.

ಏಳನೆಯದರ ಸಂಶೋಧನಾ ಪ್ರಾಜೆಕ್ಟ್ ತಡವಾಗುವುದು ಎಥಿಕ್ಸ್ ಕಮಿಟಿಯ ಒಪ್ಪಿಗೆಗೆ ಕಾಯುವುದರಿಂದ. ವಿಷಯವನ್ನು ಆರನೇ ಸೆಮಿಸ್ಟರ್‌ನ ಕೊನೆಗೇ ಗೊತ್ತುಮಾಡಿ, ಕಮಿಟಿ ಸಭೆಯ ತಾರೀಖು ಕೇಳಿಟ್ಟುಕೊಳ್ಳಿ. ಪ್ರಶ್ನಾವಳಿಯನ್ನು ಕನ್ನಡಕ್ಕೆ ತಂದ ಮೇಲೆ ಮೂಲ ನೋಡದ ಇನ್ನೊಬ್ಬರಿಂದ ಮತ್ತೆ ಇಂಗ್ಲಿಷಿಗೆ ಮಾಡಿಸಿ, ಎರಡನ್ನೂ ಹೋಲಿಸಿ. ಅರ್ಥ ಎಲ್ಲಿ ಜಾರಿದೆ ಎಂದು ಅಲ್ಲೇ ತಿಳಿಯುತ್ತದೆ.

ಐಚ್ಛಿಕ ವಿಷಯಗಳು ಮೂರು, ಒಂದೊಂದಕ್ಕೆ 20 ಗಂಟೆ: ಮೂರು ಅಥವಾ ನಾಲ್ಕರಲ್ಲಿ ಒಂದು, ಐದು ಅಥವಾ ಆರರಲ್ಲಿ ಒಂದು, ಏಳು ಅಥವಾ ಎಂಟರಲ್ಲಿ ಒಂದು. ಮೊದಲನೆಯದಕ್ಕೆ ಮಧುಮೇಹ ಆರೈಕೆ ಆರಿಸಿದರೆ ಅದೇ ಹೊತ್ತಿನ ಮೆಡಿಕಲ್ ವಾರ್ಡಿಗೆ ನೇರವಾಗಿ ಉಪಯೋಗ. ಕೊನೆಯದಕ್ಕೆ ಹಾಲುಣಿಸುವಿಕೆಯ ನಿರ್ವಹಣೆ ಅಥವಾ ಉದ್ಯೋಗ ಸಿದ್ಧತೆ. ಗೆಳತಿಯರು ಯಾವುದು ತಗೊಂಡರೋ ಅದನ್ನೇ ತಗೊಳ್ಳುವ ಬದಲು ಕೆಲಸ ಎಲ್ಲಿ ಮಾಡಬೇಕೆಂದಿದ್ದೀರೋ ಅದನ್ನು ನೋಡಿ ಆರಿಸಿ.

ಎಂಟನೆಯದು, ಮತ್ತು ಕಾಗದಪತ್ರ

ಇಂಟರ್ನ್‌ಶಿಪ್ 22 ವಾರ, ವಾರಕ್ಕೆ 48 ಗಂಟೆ, ಒಟ್ಟು 1,056. ವಯಸ್ಕರ ಆರೋಗ್ಯಕ್ಕೆ 6 ವಾರ, ಸಮುದಾಯ, ಮಕ್ಕಳು, ಮಾನಸಿಕ ಆರೋಗ್ಯ, ಮಿಡ್‌ವೈಫರಿಗೆ ತಲಾ 4. ಸರ್ಕಾರಿ ನೇಮಕಾತಿ ಪರೀಕ್ಷೆಗೆ ಓದುವವರು ಯಾವ ವಾರ್ಡಿನಲ್ಲಿದ್ದಾರೋ ಅದೇ ವಿಷಯದ ಬಹು ಆಯ್ಕೆ ಪ್ರಶ್ನೆಗಳನ್ನು ಆ ವಾರಗಳಲ್ಲೇ ಬಿಡಿಸಿದರೆ ಬೇರೆ ಹೊತ್ತು ಹುಡುಕಬೇಕಿಲ್ಲ. ಹಿಂದಿನ ವರ್ಷಗಳ ತಪ್ಪಿದ ಗಂಟೆಗಳು ಇನ್ನೂ ಉಳಿದಿದ್ದರೆ ಅವನ್ನು ಇಂಟರ್ನ್‌ಶಿಪ್‌ಗೆ ಮುಂಚಿನ ರಜೆಯಲ್ಲೇ ತೀರಿಸಿ, 48 ಗಂಟೆಯ ವಾರದ ಮೇಲೆ ಅವನ್ನು ಹೇರಿಕೊಳ್ಳಲು ಆಗುವುದಿಲ್ಲ.

ಪ್ರತಿ ಸೆಮಿಸ್ಟರ್ ಮುಗಿದ ವಾರ ಲಾಗ್ ಬುಕ್ಕಿನ ಎಲ್ಲ ಪುಟ, ರೊಟೇಶನ್ ಪ್ಲಾನ್, ಇಂಟರ್ನಲ್ ಪಟ್ಟಿಗಳನ್ನು ಸ್ಕ್ಯಾನ್ ಮಾಡಿ ಎರಡು ಕಡೆ ಇಡಿ. ವಿದೇಶದ ನರ್ಸಿಂಗ್ ಕೌನ್ಸಿಲ್‌ಗಳು ಅಂಕಪಟ್ಟಿಯ ಜೊತೆಗೆ ವಿಷಯವಾರು ಥಿಯರಿ ಗಂಟೆ, ಕ್ಲಿನಿಕಲ್ ಗಂಟೆ ಎಷ್ಟೆಂದು ಕಾಲೇಜಿನ ಮೊಹರಿನೊಂದಿಗೆ ಕೇಳುತ್ತವೆ. ಐದು ವರ್ಷ ಕಳೆದ ಮೇಲೆ ಕಾಲೇಜಿಗೆ ಹೋದರೆ ಅಂದಿನ ಪ್ರಾಂಶುಪಾಲರೂ ಇರುವುದಿಲ್ಲ, ರಿಜಿಸ್ಟರೂ ಸುಲಭಕ್ಕೆ ಸಿಗುವುದಿಲ್ಲ. ಟ್ರಾನ್ಸ್‌ಕ್ರಿಪ್ಟಿನ ಎರಡು ಪ್ರತಿಯನ್ನು ಇಂಟರ್ನ್‌ಶಿಪ್ ಮುಗಿದ ತಿಂಗಳೇ, ಕರ್ನಾಟಕ ರಾಜ್ಯ ಶುಶ್ರೂಷಾ ಪರಿಷತ್ತಿನ ನೋಂದಣಿಗೆ ಅರ್ಜಿ ಹಾಕುವಾಗಲೇ ಬರೆಸಿಕೊಳ್ಳಿ.